ಬಿದಿರಿನ ನಶ್ಯದ ಕುಪ್ಪಿ ಕೊಳ್ಳುವ ಮೊದಲು ಇದನ್ನೊಮ್ಮೆ ಓದಿ

ಹಾಂಗ್‌ಕಾಂಗ್‌ನಲ್ಲಿರುವ ನಮ್ಮವರು, ಚೀನಾ ಕಡೆ ಕೆಲಸಕ್ಕೆ, ಪ್ರವಾಸಕ್ಕೆ ಬರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. 400 ವರ್ಷ ಹಳೆಯದು ಎಂದು ನಂಬಿ ನಾನು ಒಂದು ನಶ್ಯದ ಕುಪ್ಪಿ ಕೊಂಡೆ. 6,800 ಹಾಂಗ್‌ಕಾಂಗ್ ಡಾಲರ್ ಕೊಟ್ಟೆ. ನಮ್ಮ ದುಡ್ಡಿನಲ್ಲಿ 70 ಸಾವಿರ ದಾಟುತ್ತದೆ. ಅದು ಹಳೆಯದಲ್ಲ. ಬಿದಿರೂ ಅಲ್ಲ.

ಇಂಥದ್ದನ್ನು ಯಾಕೆ ಕೊಂಡೆ ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಅಜ್ಜಯ್ಯ ನಶ್ಯ ಏರಿಸುತ್ತಿದ್ದರು. ಪಂಚೆಯ ಸೊಂಟದ ಮಡಿಕೆಯಲ್ಲಿ ಒಂದು ಹಿತ್ತಾಳೆ ಡಬ್ಬಿ ಯಾವಾಗಲೂ ಇರುತ್ತಿತ್ತು. ಅವರು ಹೋದ ಮೇಲೆ ಅಪ್ಪಯ್ಯ ಅದನ್ನು ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಹೋದ ವರ್ಷ ಅಪ್ಪಯ್ಯನಿಗೆ 70 ತುಂಬುತ್ತಿತ್ತು, ಊರಲ್ಲಿ ಭೀಮರಥ ಶಾಂತಿ ಇಟ್ಟುಕೊಂಡಿದ್ದರು. ಆ ಡಬ್ಬಿಯ ಪಕ್ಕದಲ್ಲಿ ಇಡುವಂಥದ್ದೇನಾದರೂ ತೆಗೆದುಕೊಂಡು ಹೋಗೋಣ ಅನ್ನಿಸಿತು. ಚೀನಾದವರು ನಶ್ಯವನ್ನು ಡಬ್ಬಿಯಲ್ಲಿ ಇಡುತ್ತಿರಲಿಲ್ಲ, ಬಿರಡೆ ಹಾಕಿದ ಪುಟ್ಟ ಕುಪ್ಪಿಯಲ್ಲಿ ಇಡುತ್ತಿದ್ದರು. ತೇವ ತಾಗಿದರೆ ನಶ್ಯ ಗಟ್ಟಿಯಾಗುತ್ತದೆ, ಅದಕ್ಕೆ. ಬಿರಡೆಗೆ ಒಂದು ಸಣ್ಣ ಚಮಚ ಅಂಟಿಸಿರುತ್ತಾರೆ. ಅದರಲ್ಲಿ ಚೂರು ತೆಗೆದು, ಹೆಬ್ಬೆರಳ ಉಗುರಿನ ಮೇಲೆ ಹಾಕಿಕೊಂಡು ಸೇದುವುದು. ಗಾಜು, ಪಿಂಗಾಣಿ, ಕಲ್ಲಿನ ಕುಪ್ಪಿಗಳೇ ಜಾಸ್ತಿ. ಬಿದಿರಿನವು ಕಡಿಮೆ. ಅಪ್ಪಯ್ಯ ಮಲೆನಾಡಿನವರು, ಬಿದಿರಿನ ನಡುವೆಯೇ ಬೆಳೆದವರು. ಅದಕ್ಕೇ ನನಗೆ ಬಿದಿರಿನದೇ ಬೇಕಿತ್ತು.

ಹಾಂಗ್‌ಕಾಂಗ್‌ನ ಹಾಲಿವುಡ್ ರೋಡ್ ಹತ್ತಿರ ಹಳೆಯ ಸಾಮಾನಿನ ಅಂಗಡಿಗಳು ಸಾಲಾಗಿವೆ. ಅಲ್ಲೊಂದು ಅಂಗಡಿಗೆ ಹೋದೆ. ಹೆಸರು ಹೇಳುವುದಿಲ್ಲ. ಮಾಲೀಕರು ವಯಸ್ಸಾದವರು, ಮಾತು ಮೆತ್ತಗೆ. ಪುಟ್ಟ ಬಟ್ಟಲಲ್ಲಿ ಚಹಾ ಕೊಟ್ಟರು. ಬಿದಿರಿನದು ಬೇಕು ಅಂದ ತಕ್ಷಣ ಒಳಗೆ ಹೋಗಿ ಒಂದು ರೇಷ್ಮೆ ಪೆಟ್ಟಿಗೆ ತಂದರು.

ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಎತ್ತರ ಸುಮಾರು 6 ಸೆಂಟಿಮೀಟರ್. ಚಪ್ಪಟೆ ಹೊಟ್ಟೆ, ಸಣ್ಣ ಬಾಯಿ, ಬೆಲ್ಲದ ಪಾಕದ ಬಣ್ಣ. ಒಂದು ಕಡೆ ಬಾಗಿದ ಪೈನ್ ಮರ. ಅದರ ಕೆಳಗೆ ಇಬ್ಬರು ಮುದುಕರು ಕಲ್ಲಿನ ಮೇಲೆ ಮಣೆ ಇಟ್ಟುಕೊಂಡು ಆಡುತ್ತಿದ್ದಾರೆ. ಎಡಗಡೆಯ ಮುದುಕನ ತೋಳಿನ ಅಂಚು ಒಂಚೂರು ಮುರಿದಿತ್ತು. ಅಂಗಡಿಯವರು ಅದನ್ನೇ ಬೆರಳಿಟ್ಟು ತೋರಿಸಿದರು. ‘ನೋಡಿ ಅಮ್ಮ, ಇಷ್ಟು ವರ್ಷಕ್ಕೆ ಇಷ್ಟೇ ಪೆಟ್ಟು. ಹೊಸದಾಗಿದ್ದರೆ ಇದೂ ಇರುತ್ತಿರಲಿಲ್ಲ’ ಅಂದರು. ಹಿಂಬದಿಯಲ್ಲಿ ಮೂರು ಅಕ್ಷರದ ಸಹಿ. ಅದು ಜಿಯಾಡಿಂಗ್ ಊರಿನ ಬಿದಿರು ಕೆತ್ತನೆಗಾರ ಝೂ ಸಾನ್‌ಸೋಂಗ್ ಅವರದು, ಮಿಂಗ್ ರಾಜರ ಕಾಲದ ಕೆಲಸ ಎಂದರು. ಮೊದಲು ಹೇಳಿದ್ದು 9,500. ನಾಳೆ ಸಿಂಗಾಪುರದಿಂದ ಒಬ್ಬರು ನೋಡಲು ಬರುತ್ತಾರೆ ಎಂದೂ ಸೇರಿಸಿದರು. ಯಜಮಾನರಿಗೆ ಫೋನ್ ಮಾಡಿದೆ. ‘ಇವತ್ತು ಬೇಡ ಕಣೇ, ನಾಳೆ ಇಬ್ಬರೂ ಹೋಗಿ ನೋಡೋಣ’ ಅಂದರು. ಕೇಳಬೇಕಿತ್ತು, ಕೇಳಲಿಲ್ಲ.

ಮನೆಗೆ ಬಂದು ಅಪ್ಪಯ್ಯನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಖುಷಿಪಟ್ಟರು. ಆಮೇಲೆ ಕನ್ನಡಕ ಏರಿಸಿಕೊಂಡು, ‘ಬಿದಿರು ಅಂದ್ಯಲ್ಲ ಮಗಾ, ಕೊಯ್ದ ಕಡೆ ಒಂಚೂರು ಹತ್ರ ತೋರ್ಸು’ ಅಂದರು. ಕುಪ್ಪಿಯ ಬಾಯಿಯನ್ನು ಕ್ಯಾಮೆರಾಕ್ಕೆ ಹಿಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಚುಕ್ಕೆ ಎಲ್ಲಿದೆ?’ ಅಂದರು.

ಬಿದಿರು ಕೊಯ್ದವರಿಗೆ ಇದು ಗೊತ್ತಿರುತ್ತದೆ. ಬಿದಿರು ಹುಲ್ಲಿನ ಜಾತಿ, ಅದರಲ್ಲಿ ಮರದ ಹಾಗೆ ಉಂಗುರ ಇರುವುದಿಲ್ಲ. ನಾರಿನ ಎಳೆಗಳು ಬುಡದಿಂದ ತುದಿಗೆ ನೇರ ಓಡುತ್ತವೆ. ಅಡ್ಡ ಕೊಯ್ದರೆ ಆ ಎಳೆಗಳೆಲ್ಲ ಚುಕ್ಕೆ ಚುಕ್ಕೆಯಾಗಿ ಕಾಣುತ್ತವೆ. ಹೊರಗಿನ ಸಿಪ್ಪೆಯ ಕಡೆ ಒತ್ತೊತ್ತಾಗಿ, ಒಳಗೆ ಹೋದ ಹಾಗೆ ವಿರಳವಾಗಿ. ಉದ್ದಕ್ಕೆ ಸೀಳಿದರೆ ಅದೇ ಎಳೆಗಳು ನೇರ ಗೆರೆ. ಓರೆಯಾಗಿ ಕೆತ್ತಿದರೆ ತುಂಡು ತುಂಡು ಗೆರೆ. ಬಿದಿರಿನ ಬೇರಿನಲ್ಲಿ ಕೆತ್ತಿದ್ದಾದರೆ ಮೈ ತುಂಬ ಕಿರುಬೇರು ಹೊರಟ ಜಾಗದ ದುಂಡು ಗುರುತುಗಳಿರುತ್ತವೆ. ನನ್ನ ಕುಪ್ಪಿಯ ಬಾಯಿ ಚಾಕೊಲೇಟ್ ಕತ್ತರಿಸಿದ ಹಾಗೆ ನುಣ್ಣಗಿತ್ತು. ಒಂದು ಚುಕ್ಕೆಯೂ ಇಲ್ಲ.

ಮರುದಿನ ಅಕ್ಕಸಾಲಿಗರು ಬಳಸುವ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ತಂದೆ. ಕಿಟಕಿ ಪಕ್ಕ ಕೂತು ನೋಡಿದೆ. ಮೈಮೇಲೆ ನಾರಿನ ಗೆರೆಗಳೇನೋ ಇದ್ದವು. ಆದರೆ ಅವು ಮುದುಕರ ಬಟ್ಟೆಯ ನೆರಿಗೆ ತಿರುಗಿದ ಕಡೆಗೆಲ್ಲ ತಾವೂ ತಿರುಗುತ್ತಿದ್ದವು. ನಿಜವಾದ ನಾರು ಹಾಗೆ ತಿರುಗಲು ಸಾಧ್ಯವೇ ಇಲ್ಲ. ಮರ ಕೆತ್ತಿರಲಿ, ಮುಖ ಕೆತ್ತಿರಲಿ, ಅದು ತನ್ನ ದಾರಿಯಲ್ಲಿ ನೆಟ್ಟಗೆ ಹೋಗುತ್ತದೆ. ಪೈನ್ ಎಲೆಗಳ ಸಂದಿಯಲ್ಲಿ ಸೂಜಿಮೊನೆಯಷ್ಟು ದುಂಡು ಗುಳಿಗಳಿದ್ದವು. ಅಚ್ಚಿಗೆ ರಾಳ ಸುರಿದಾಗ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಅವು. ಎರಡೂ ಪಕ್ಕದಲ್ಲಿ ಕೂದಲೆಳೆಯಂಥ ಒಂದು ಗೆರೆ ಮೇಲಿಂದ ಕೆಳಕ್ಕೆ. ಅಚ್ಚಿನ ಎರಡು ಭಾಗ ಸೇರಿದ ಜಾಗ ಅದು, ಉಜ್ಜಿ ಅಳಿಸಲು ನೋಡಿದ್ದಾರೆ. ಉಳಿ ಹೋದ ಕಡೆ ಇರಬೇಕಾದ ಚೂಪಾದ ಅಂಚು ಎಲ್ಲೂ ಇಲ್ಲ. ಸವೆದ ಸೋಪಿನ ಹಾಗೆ ಎಲ್ಲ ದುಂಡಗೆ.

ಬಣ್ಣದ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ನಾನು ಮರುಳಾಗಿದ್ದೇ ಬಣ್ಣಕ್ಕೆ. ಹೊಸ ಬಿದಿರು ತಿಳಿ ಹಳದಿ. ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ, ಆಮೇಲೆ ಕೆಂಪು ಕಂದಿಗೆ ತಿರುಗುತ್ತದೆ. ಕೈಯಲ್ಲಿ ಆಡಿಸಿ ಆಡಿಸಿ ಉಬ್ಬಿದ ಭಾಗ ಹೊಳಪಾಗಿರುತ್ತದೆ. ನನ್ನದರಲ್ಲಿ ಉಬ್ಬಿದ ಭಾಗವೇ ಪೇಲವ, ತಗ್ಗಿನಲ್ಲೆಲ್ಲ ಕಪ್ಪು ಬಣ್ಣ ತುಂಬಿತ್ತು. ಬಣ್ಣ ಬಳಿದು ಮೇಲಿಂದ ಒರೆಸಿದ್ದಾರೆ. ಒದ್ದೆ ಹತ್ತಿಯಲ್ಲಿ ತಳವನ್ನು ಮೆಲ್ಲಗೆ ಉಜ್ಜಿದೆ, ಹತ್ತಿ ಕಂದಾಯಿತು. ಕೆಲವರು ಕಾದ ಸೂಜಿ ಚುಚ್ಚಿ ವಾಸನೆ ನೋಡಿ ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಜವಾದ ವಸ್ತುವಾಗಿದ್ದರೆ ಅದು ಹಾಳು. ಸುಳ್ಳು ವಸ್ತುವಾಗಿದ್ದರೆ ನೀವೇ ಕೆಡಿಸಿದ್ದೀರಿ ಎಂದು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ನೋಡುವ ಅಗತ್ಯವೇ ಇರಲಿಲ್ಲ ಎಂದು ಗೊತ್ತಾದದ್ದು ಆಮೇಲೆ. ಆ ಸಹಿ ಒಂದೇ ಸಾಕಿತ್ತು. ಜಿಯಾಡಿಂಗ್ ಈಗ ಶಾಂಘೈ ನಗರದ ಒಂದು ಭಾಗ. ಮಿಂಗ್ ಕಾಲದಲ್ಲಿ ಅಲ್ಲಿ ಝೂ ಮನೆತನದ ಅಜ್ಜ, ಮಗ, ಮೊಮ್ಮಗ ಮೂವರೂ ಬಿದಿರು ಕೆತ್ತನೆಯಲ್ಲಿ ದೊಡ್ಡ ಹೆಸರು. ಸಾನ್‌ಸೋಂಗ್ ಮೊಮ್ಮಗ. ಈ ಜಿಯಾಡಿಂಗ್ ಕೆತ್ತನೆಯನ್ನು ಚೀನಾ ಸರ್ಕಾರ 2006ರಲ್ಲಿ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಂಗಡಿಯವರು ಹೇಳಿದ್ದರಲ್ಲಿ ಅಷ್ಟು ಸತ್ಯ. ಆದರೆ ಮಿಂಗ್ ರಾಜರ ಕಾಲ 1644ಕ್ಕೆ ಮುಗಿಯಿತು. ನಶ್ಯದ ಕುಪ್ಪಿಗಳು ಅದರ ನಂತರದ ಚಿಂಗ್ ರಾಜರ ಕಾಲದವು. ಯುರೋಪಿನ ಪಾದ್ರಿಗಳು ಆಸ್ಥಾನಕ್ಕೆ ನಶ್ಯ ಕಾಣಿಕೆ ತರುತ್ತಿದ್ದರು, ಕಾಂಗ್‌ಶಿ ಚಕ್ರವರ್ತಿಗೆ ಅದು ಹಿಡಿಸಿತು. 1696ರಲ್ಲಿ ಅವನು ಅರಮನೆಗೆಂದು ಗಾಜಿನ ಕಾರ್ಖಾನೆ ತೆರೆಸಿದ, ಅಲ್ಲಿ ನಶ್ಯದ ಕುಪ್ಪಿಗಳೂ ಆಗುತ್ತಿದ್ದವು. ಹಾಗಿರುವಾಗ ಮಿಂಗ್ ಕಾಲದ ಸಾನ್‌ಸೋಂಗ್ ನಶ್ಯದ ಕುಪ್ಪಿ ಕೆತ್ತಿ ಸಹಿ ಹಾಕುವುದೆಲ್ಲಿಂದ ಬಂತು? ಅವರ ಸಹಿಯನ್ನು ನಂತರದವರು ಸಿಕ್ಕ ಸಿಕ್ಕ ಬಿದಿರಿನ ಮೇಲೆಲ್ಲ ಕೆತ್ತಿದ್ದಾರೆ. ಸಹಿ ಕಂಡರೆ ಬೆಲೆ ಜಾಸ್ತಿ ಮಾಡಬೇಡಿ, ಅನುಮಾನ ಜಾಸ್ತಿ ಮಾಡಿ.

ಇನ್ನೊಂದು ಬಗೆಯೂ ಇದೆ, ಅದರಲ್ಲಿ ಗೊಂದಲವಾಗಬಹುದು. ಬಿದಿರಿನ ಒಳಮೈಯ ತೆಳು ಪದರ ಬಿಡಿಸಿ, ಕುದಿಸಿ, ಒತ್ತಿ ಚಪ್ಪಟೆ ಮಾಡಿ, ಮರದ ಮೇಲೆ ಅಂಟಿಸುತ್ತಾರೆ. ಝೂಹುವಾಂಗ್ ಎನ್ನುತ್ತಾರೆ. ಅದು ನುಣ್ಣಗೆ ಹಳೆಯ ದಂತದ ಹಾಗೆ ಕಾಣುತ್ತದೆ. ಪದರವೇ ತೆಳು, ಹಾಗಾಗಿ ಅದರಲ್ಲಿ ಆಳದ ಕೆತ್ತನೆ ಇರಲು ಸಾಧ್ಯವಿಲ್ಲ. ಅಂಚಿನಲ್ಲಿ ಅಂಟಿಸಿದ ಜೋಡಣೆ ಹುಡುಕಿ.

ಕುಪ್ಪಿ ಹಿಡಿದು ಅಂಗಡಿಗೆ ವಾಪಸ್ ಹೋದೆವು, ಈ ಸಲ ಯಜಮಾನರ ಜೊತೆ. ಚಹಾ ಬರಲಿಲ್ಲ. ಅಂಗಡಿಯವರು ಬಿಲ್ ತೋರಿಸಿ ಅಂದರು. ಬಿಲ್ ಚೀನಿ ಭಾಷೆಯಲ್ಲಿತ್ತು, ನಾನು ಮೊತ್ತ ಬಿಟ್ಟು ಬೇರೇನೂ ನೋಡಿರಲಿಲ್ಲ. ಅದರಲ್ಲಿ ‘ಗೊಂಗ್‌ಯಿಪಿನ್’ ಎಂದು ಬರೆದಿದ್ದರು. ಕರಕುಶಲ ವಸ್ತು ಎಂದಷ್ಟೇ ಅರ್ಥ. ಮಿಂಗ್ ಎಂದಿಲ್ಲ, ಹಳೆಯದು ಎಂದಿಲ್ಲ, ಬಿದಿರು ಎಂದೂ ಇಲ್ಲ. ಕೆಂಪು ಮೊಹರು, ಫೋಟೊ, ಸ್ಕ್ಯಾನ್ ಮಾಡುವ ಕೋಡ್ ಎಲ್ಲ ಇದ್ದ ಒಂದು ಪ್ರಮಾಣಪತ್ರವನ್ನೂ ಕುಪ್ಪಿಯ ಜೊತೆ ಕೊಟ್ಟಿದ್ದರು, ಅದನ್ನು ನಮ್ಮ ಮೇಲಿನ ಮಹಡಿಯ ಅಜ್ಜಿ ಓದಿ ಹೇಳಿದರು. ಅದರಲ್ಲೂ ಉದ್ದ, ತೂಕ, ಚಿತ್ರದ ವಿವರಣೆ ಬಿಟ್ಟರೆ ಕಾಲದ ಮಾತೇ ಇಲ್ಲ.

ಹಾಂಗ್‌ಕಾಂಗ್‌ನಲ್ಲಿ ಸುಳ್ಳು ವಿವರಣೆ ಕೊಟ್ಟು ಮಾರುವುದು ಅಪರಾಧ. 75,000 ಡಾಲರ್‌ವರೆಗಿನ ವ್ಯಾಜ್ಯಕ್ಕೆ ವಕೀಲರೇ ಇಲ್ಲದ ಸಣ್ಣ ನ್ಯಾಯಾಲಯವೂ ಇದೆ. ಆದರೆ ತೋರಿಸಲು ಏನಾದರೂ ಬೇಕಲ್ಲ? ಎಲ್ಲ ಬಾಯಿಮಾತು. ನನ್ನ ಹತ್ತಿರ ಒಂದು ಮೆಸೇಜ್ ಕೂಡ ಇರಲಿಲ್ಲ. ಹಾಗಾಗಿ ನೀವು ಕೊಳ್ಳುವಾಗ ವಸ್ತು ಯಾವುದರಿಂದ ಆಗಿದೆ, ಯಾವ ಕಾಲದ್ದು, ಸುಳ್ಳಾದರೆ ದುಡ್ಡು ವಾಪಸ್ ಎಂದು ಬಿಲ್ಲಿನಲ್ಲೇ ಬರೆಸಿ. ನಿಮಗೆ ಓದಲು ಬರುವ ಭಾಷೆಯಲ್ಲಿ ಬರೆಸಿ. ಬರೆಯಲು ಹಿಂಜರಿದರೆ ಅಲ್ಲಿಂದಲೇ ಎದ್ದು ಬನ್ನಿ. ಬಿಲ್ಲಿನಲ್ಲಿ ‘ಫಾಂಗ್’ ಎಂಬ ಅಕ್ಷರ ಇದೆಯಾ ಎಂದು ಯಾರಿಂದಲಾದರೂ ಓದಿಸಿ. ನಕಲು ಎಂದು ಅದರ ಅರ್ಥ.

ಬೀಜಿಂಗ್‌ನ ಪಾನ್‌ಜಿಯಾಯುವಾನ್ ಎಂಬ ಹಳೆಯ ಸಾಮಾನಿನ ಸಂತೆಗೆ ಹೋಗುವವರಿಗೆ ಒಂದು ಮಾತು. 1911ಕ್ಕಿಂತ ಹಿಂದಿನ, ಅಂದರೆ ಚಿಂಗ್ ಕಾಲದವರೆಗಿನ ಪುರಾತನ ವಸ್ತುಗಳನ್ನು ಚೀನಾದಿಂದ ಹೊರಗೆ ಒಯ್ಯುವುದನ್ನು 2007ರಿಂದ ತಡೆದಿದ್ದಾರೆ. ಚಿಂಗ್ ಕಾಲದ್ದು, ಆರಾಮಾಗಿ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಎಂದು ಯಾರಾದರೂ ಹೇಳಿದರೆ ಎರಡರಲ್ಲಿ ಒಂದು ಸುಳ್ಳು. ಬಿರಡೆಯ ಚಮಚವನ್ನೂ ನೋಡಿ. ಹಳೆಯ ಕುಪ್ಪಿಗಳಲ್ಲಿ ಅದು ಎಷ್ಟೋ ಸಲ ಆನೆಯ ದಂತದಿಂದ ಮಾಡಿದ್ದು. ನಮ್ಮ ದೇಶದಲ್ಲಿ ದಂತದ ವಿಚಾರದಲ್ಲಿ ವನ್ಯಜೀವಿ ಕಾಯ್ದೆ ಎಷ್ಟು ಬಿಗಿ ಎಂದು ನಿಮಗೆ ಗೊತ್ತೇ ಇದೆ. ಚಮಚ ಚಿಕ್ಕದು ಎಂದು ವಿಮಾನ ನಿಲ್ದಾಣದಲ್ಲಿ ಯಾರೂ ಬಿಡುವುದಿಲ್ಲ.

ಕೊಳ್ಳುವ ಮೊದಲು ನಿಜವಾದ ಬಿದಿರು ಕೆತ್ತನೆಯನ್ನು ಒಮ್ಮೆ ಕಣ್ಣಾರೆ ನೋಡಿ. ಹಾಂಗ್‌ಕಾಂಗ್‌ನ ಚಿಮ್ ಶಾ ಸುಯ್ ಬಡಾವಣೆಯ ಕಲಾ ಸಂಗ್ರಹಾಲಯದಲ್ಲಿ ನಾನು ಆಮೇಲೆ ನೋಡಿದೆ. ಕುಂಚಗಳನ್ನು ನಿಲ್ಲಿಸಿಡುವ ಒಂದು ಬಿದಿರಿನ ಪಾತ್ರೆಯ ಮುಂದೆ ಅರ್ಧ ಗಂಟೆ ನಿಂತೆ. ಅದರಲ್ಲಿ ಉಳಿಯ ಒಂದೊಂದು ಹೊಡೆತವೂ ಕಾಣುತ್ತಿತ್ತು. ಎಲೆಯ ಮೇಲೆ, ಬಂಡೆಯ ಮೇಲೆ ಆ ನಾರಿನ ಗೆರೆಗಳು ನೆಟ್ಟಗೆ ಇಳಿದಿದ್ದವು. ಇದನ್ನು ಮೊದಲೇ ನೋಡಿದ್ದರೆ ಅಂಗಡಿಯಲ್ಲಿ ಎರಡು ನಿಮಿಷವೂ ಕೂರುತ್ತಿರಲಿಲ್ಲ.

ಎರಡು ತಿಂಗಳ ನಂತರ ಅದೇ ಬೀದಿಗಳ ಕೆಳಗೆ, ಪಾದಚಾರಿ ದಾರಿಯಲ್ಲಿ ಹರಡಿಕೊಂಡು ಮಾರುವ ಒಬ್ಬರ ಹತ್ತಿರ ಒಂದು ತಟ್ಟೆ ಕಂಡೆ. ಅದರಲ್ಲಿ ಹನ್ನೊಂದು ಕುಪ್ಪಿ. ಅದೇ ಪೈನ್ ಮರ, ಅದೇ ಇಬ್ಬರು ಮುದುಕರು. ಒಂದು 80 ಡಾಲರ್. ಒಂದೊಂದಾಗಿ ಎತ್ತಿ ನೋಡಿದೆ. ಹನ್ನೊಂದರಲ್ಲೂ ಎಡಗಡೆಯ ಮುದುಕನ ತೋಳು ಅದೇ ಜಾಗದಲ್ಲಿ, ಅಷ್ಟೇ ಮುರಿದಿತ್ತು. ಅಚ್ಚು ತೆಗೆದ ಮೂಲ ಕುಪ್ಪಿಯಲ್ಲೇ ಆ ಪೆಟ್ಟು ಇತ್ತು.

ಹೋದ ವಾರ ಆ ಅಂಗಡಿಯ ಮುಂದೆ ಹಾದುಹೋದೆ. ಕಪಾಟಿನಲ್ಲಿ ರೇಷ್ಮೆ ಪೆಟ್ಟಿಗೆ ತೆರೆದಿಟ್ಟಿದ್ದರು, ಒಳಗೆ ಇನ್ನೊಂದು ಕುಪ್ಪಿ ಇತ್ತು. 6 ಸೆಂಟಿಮೀಟರ್ ಎತ್ತರ, ಬೆಲ್ಲದ ಪಾಕದ ಬಣ್ಣ, ಹಿಂದೆ ಮೂರು ಅಕ್ಷರದ ಸಹಿ. ನಿಮಗೆ ಯಾರಾದರೂ ಇದನ್ನು ತೋರಿಸಿದರೆ ಮೊದಲು ಆ ಎಡಗಡೆಯ ಮುದುಕನ ತೋಳು ನೋಡಿ.