ನಾಣ್ಯ ಪೇರಿಸಿ ಅಳೆದ ಲೆಕ್ಕ ನಂಬಿ ಕೀಬೋರ್ಡ್ ಸ್ವಿಚ್ ತರಿಸಬೇಡಿ

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀ ಕೆಳಗೂ ಒಂದೊಂದು ಸ್ವಿಚ್ ಇರುತ್ತದೆ. ಅದು ಎಷ್ಟು ಗಟ್ಟಿ ಇದೆ ಅಂತ ಕೀ ಮೇಲೆ ನಾಣ್ಯ ಪೇರಿಸಿ ನೋಡುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ನಾನು ಹಾಗೆ ಮಾಡಿ 87 ಸ್ವಿಚ್ಚಿನ ದುಡ್ಡು ಕಳೆದುಕೊಂಡೆ. ದುಡ್ಡು ಹೋದರೆ ಹೋಗಲಿ, ಬೆರಳು ನೋವು ಮೊದಲಿಗಿಂತ ಜಾಸ್ತಿ ಆಯಿತು.

ನನ್ನದು ಕನ್ನಡ ಟೈಪಿಂಗ್ ಕೆಲಸ. ದಿನಕ್ಕೆ ಆರೇಳು ಗಂಟೆ. ನುಡಿ ಕೀಲಿಮಣೆಯಲ್ಲಿ ಖ, ಘ, ಧ, ಭ ಬರಬೇಕಾದರೆ ಶಿಫ್ಟ್ ಒತ್ತಲೇಬೇಕು. ದೀರ್ಘಕ್ಕೂ ಅಷ್ಟೆ. ಒತ್ತುವುದು ಕಿರುಬೆರಳು, ಕೈಯಲ್ಲಿ ಶಕ್ತಿ ಕಡಿಮೆ ಇರುವ ಬೆರಳು ಅದೇ. ಎಡಗೈ ಕಿರುಬೆರಳು ನೋಯಲು ಶುರುವಾದಾಗ ಹಗುರ ಸ್ವಿಚ್ ಹಾಕಿಸೋಣ ಅಂದುಕೊಂಡೆ. ಆಗ ಇದ್ದದ್ದು ಚೆರಿ ಕಂಪನಿಯ ಬ್ರೌನ್ ಎಂಬ ಸ್ವಿಚ್.

ಅಮೆರಿಕದವರು ತಮ್ಮ ನಿಕ್ಕಲ್ ನಾಣ್ಯ ಇಟ್ಟು ಅಳೆಯುತ್ತಾರೆ. ಅದರ ತೂಕ ಸರಿಯಾಗಿ 5 ಗ್ರಾಂ, ಹಾಗಾಗಿ ಲೆಕ್ಕ ಸುಲಭ. ನಾನು ಒಂದು ರೂಪಾಯಿ ನಾಣ್ಯ ತೆಗೆದುಕೊಂಡೆ. ಹದಿನಾಲ್ಕನೆಯದು ಇಟ್ಟಾಗ ಪರದೆಯ ಮೇಲೆ ಅಕ್ಷರ ಬಿತ್ತು. ಒಂದು ರೂಪಾಯಿ 4.85 ಗ್ರಾಂ ಅಂತ ಎಲ್ಲೋ ಓದಿದ್ದೆ. ಗುಣಿಸಿದರೆ ಹತ್ತಿರ ಹತ್ತಿರ 68 ಗ್ರಾಂ.

ತಪ್ಪಾದದ್ದು ಇಲ್ಲೇ. 4.85 ಗ್ರಾಂ ಇರುವುದು ಹಳೆಯ, 25 ಮಿಲಿಮೀಟರ್ ಅಗಲದ ಸ್ಟೀಲ್ ನಾಣ್ಯ. 2011ರಲ್ಲಿ ಬಂದ ಚಿಕ್ಕದು 3.79 ಗ್ರಾಂ. 2019ರದ್ದು ಇನ್ನೂ ಕಡಿಮೆ, 3.09. ನನ್ನ ಹದಿನಾಲ್ಕೂ 2011ರ ಬಗೆಯವು. ಅಂದರೆ ನಿಜವಾದ ತೂಕ ಸುಮಾರು 53 ಗ್ರಾಂ. ಒಂದೇ ಮುಖಬೆಲೆಗೆ ಮೂರು ತೂಕ ಇರುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. ಐದು ರೂಪಾಯಿ ನಾಣ್ಯದ ಕತೆಯೂ ಇದೇ. ಹಳೆಯ ದಪ್ಪನೆಯದು 9 ಗ್ರಾಂ, ಆಮೇಲೆ ಬಂದವು ಅದಕ್ಕಿಂತ ಹಗುರ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಬ್ರೌನ್‌ನಂಥ ಸ್ವಿಚ್ಚಿನಲ್ಲಿ ಬೆರಳಿಗೆ ಒಂದು ಉಬ್ಬು ಸಿಗುತ್ತದೆ, ಅಲ್ವಾ? ನಾಣ್ಯದ ಭಾರ ಆ ಉಬ್ಬು ದಾಟಿತು ಅಂದರೆ ಕೀ ಸರ್‍ರನೆ ಕೆಳಗೆ ಇಳಿಯುತ್ತದೆ. ಅಕ್ಷರ ಬೀಳುವುದು ಆ ಇಳಿಯುವ ದಾರಿಯಲ್ಲಿ. ಹಾಗಾಗಿ ನಾಣ್ಯ ತೋರಿಸುವುದು ಉಬ್ಬು ದಾಟಲು ಬೇಕಾದ ಬಲ, ಸಂಪರ್ಕ ಆಗುವ ಜಾಗದ ಬಲ ಅಲ್ಲ. ಉಬ್ಬಿಲ್ಲದ ರೆಡ್, ಬ್ಲ್ಯಾಕ್ ಥರದ ಸ್ವಿಚ್‌ಗಳಿಗೆ ಈ ತೊಂದರೆ ಇಲ್ಲ. ಆದರೂ ನಾಣ್ಯದ ಸಾಲು ಸ್ವಲ್ಪ ವಾಲಿದರೆ ಸಾಕು, ಸ್ವಿಚ್ಚಿನೊಳಗೆ ಮೇಲೆ ಕೆಳಗೆ ಆಡುವ ಕಾಂಡ ಪಕ್ಕಕ್ಕೆ ಉಜ್ಜಿ ಲೆಕ್ಕ ಏರುತ್ತದೆ. ಸ್ವಿಚ್ ಮೇಲೆ ಕೂರುವ ಕೀಕ್ಯಾಪಿನ ತೂಕವನ್ನೂ ಕೂಡಿಸಬೇಕು. ನಾನು ಕೂಡಿಸಿರಲಿಲ್ಲ.

ಆಗ ಒಂದು ಆನ್‌ಲೈನ್ ಅಂಗಡಿಯಲ್ಲಿ 62 ಗ್ರಾಂ ಅಂತ ಬರೆದಿದ್ದ ಸ್ವಿಚ್ ಸಿಕ್ಕಿತು. ನನ್ನ 68ಕ್ಕಿಂತ ಹಗುರ ಅಂತ ಪೂರ್ತಿ ಸೆಟ್ ತರಿಸಿದೆ. ಬೆಸುಗೆ ಇಲ್ಲದೆ ಸ್ವಿಚ್ ಸಿಕ್ಕಿಸುವ ಸಾಕೆಟ್ ನನ್ನ ಬೋರ್ಡಿಗೆ ಇಲ್ಲ. ಎರಡು ದಿನ ಕೂತು ಅಷ್ಟನ್ನೂ ಬೆಸುಗೆ ಹಾಕಿದೆ. ಮೊದಲ ಸಂಜೆಯೇ ಕಿರುಬೆರಳು ಉರಿಯಿತು. ಹೊಸತಲ್ವಾ, ರೂಢಿಯಾಗುತ್ತದೆ ಅಂತ ಹತ್ತು ದಿನ ಹಾಗೇ ಟೈಪ್ ಮಾಡಿದೆ. ಆ ಹತ್ತು ದಿನ ನಾನು ಮಾಡಬಾರದಿತ್ತು.

ಬೆಸುಗೆ ಹಾಕಿದ್ದನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಆ 62 ಎಲ್ಲಿಯ ಬಲ ಅಂತ ಕೇಳಿದರೆ ಉತ್ತರವೂ ಬರಲಿಲ್ಲ. ಇದನ್ನು ನೀವು ಮೊದಲೇ ಕೇಳಿ. ಕೆಲವರು ಅಕ್ಷರ ಬೀಳುವ ಜಾಗದ ಬಲ ಬರೆಯುತ್ತಾರೆ, ಕೆಲವರು ತಳ ಮುಟ್ಟುವಾಗಿನದು. ಚೆರಿ ರೆಡ್‌ನ 45, ಬ್ಲ್ಯಾಕ್‌ನ 60 ಅಂದರೆ ಮೊದಲನೆಯದು, ಅದೂ ಸೆಂಟಿನ್ಯೂಟನ್‌ನಲ್ಲಿ. 45 ಸೆಂಟಿನ್ಯೂಟನ್ ಅಂದರೆ ಸುಮಾರು 46 ಗ್ರಾಂ, ಅಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಆದರೆ ತಳದ ಬಲಕ್ಕೂ ಮೊದಲನೆಯದಕ್ಕೂ ಹತ್ತು ಹದಿನೈದು ಗ್ರಾಂ ಅಂತರ ಇರಬಹುದು.

ಆಮೇಲೆ ಸರಿಯಾಗಿ ಅಳೆದೆ. ಮರದ ತುಂಡಿಗೆ ತೂತು ಕೊರೆದು ಸ್ವಿಚ್ ಕೂರಿಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿದೆ. ಎರಡು ಪಿನ್ನಿಗೆ ತೆಳು ತಂತಿ ಹಾಕಿ, ಸಂಪರ್ಕ ಆದರೆ ಬೀಪ್ ಅನ್ನುವ ಹಾಗೆ ಮಲ್ಟಿಮೀಟರ್‌ಗೆ ಕೊಟ್ಟೆ. ಪೆನ್ಸಿಲ್‌ನಿಂದ ನಿಧಾನಕ್ಕೆ ಒತ್ತುತ್ತಾ, ಬೀಪ್ ಬಂದ ಕ್ಷಣ ತಕ್ಕಡಿ ನೋಡಿದೆ. ತುಂಬಾ ನಿಧಾನ ಒತ್ತಬೇಕು, ಇಲ್ಲದಿದ್ದರೆ ತಕ್ಕಡಿಯ ಅಂಕಿ ಹಿಂದೆ ಬೀಳುತ್ತದೆ. ಒಂದೇ ಸ್ವಿಚ್ ಅಲ್ಲ, ಐದಾರು ಅಳೆಯಿರಿ. ನಾನು ಹೊಸದಾಗಿ ತರಿಸಿದವು 60 ಗ್ರಾಂ ಆಸುಪಾಸು ಬೀಪ್ ಕೊಟ್ಟವು. ತಳ ಮುಟ್ಟುವಾಗ 75 ದಾಟಿತು. ಇಷ್ಟನ್ನು ಎರಡೇ ಸ್ವಿಚ್ ತರಿಸಿ ಮೊದಲೇ ನೋಡಬಹುದಿತ್ತು.

ಸ್ವಿಚ್ ಕೀಳುವಾಗ ಬಿಸಿ ಜಾಸ್ತಿಯಾಗಿ ಮೂರು ಕಡೆ ತಾಮ್ರದ ಪದರವೇ ಎದ್ದು ಬಂತು. ಆ ಮೂರು ಕೀ ಈಗ ತಂತಿ ಮೇಲೆ ನಡೆಯುತ್ತಿವೆ. ಎರಡು ಶಿಫ್ಟ್‌ಗೂ 45ರ ಸ್ವಿಚ್ ಹಾಕಿ ಮೂರು ವಾರ ಆಯಿತು. ನೋವು ಇಳಿದಿದೆ. ಬೆಳಿಗ್ಗೆ ಎದ್ದಾಗ ಮಾತ್ರ ಎಡಗೈ ಕಿರುಬೆರಳು ಇನ್ನೂ ಮರಗಟ್ಟಿದ ಹಾಗೇ ಇರುತ್ತದೆ.