ಹೊಸ ಮನೆಯ ಬಚ್ಚಲಿಗೆ ಹಂಡೆಯೋ, ಗೀಸರೋ, ಸೋಲಾರೋ?

ಕಾರ್ಕಳದ ಕಡೆ ಹಳ್ಳಿಯಲ್ಲಿ ಮನೆ ಕಟ್ಟುತ್ತಿದ್ದೀರಿ, ಸಾಲ ಮಾಡಿದ್ದೀರಿ, ಸ್ನಾನದ ನೀರಿಗೆ ಯಾವುದು ಅಗ್ಗ ಎಂದು ಕೇಳಿದ್ದೀರಿ.

ತೋಟವಿದ್ದರೆ ಹಂಡೆಯ ಒಲೆಗೆ ಖರ್ಚು ಇಲ್ಲವೆಂದೇ ಹೇಳಬೇಕು. ಒಣಗಿದ ಮಡಲು, ತೆಂಗಿನ ಸಿಪ್ಪೆ, ಗೆರಟೆ ಸಾಕು. ಆದರೆ ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ಒಳಗೆ ಹಾಕಲು ಜಾಗ ಬೇಕು, ಬೆಳಿಗ್ಗೆ ಎದ್ದು ಬೆಂಕಿ ಹಾಕುವವರು ಬೇಕು. ಆ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುತ್ತದೆ, ಹೊಗೆಯೂ ಅವರ ಕಣ್ಣಿಗೇ. ನನ್ನ ಅಮ್ಮ ಅದನ್ನು ವರ್ಷಗಟ್ಟಲೆ ಕುಡಿದರು, ಹಾಗಾಗಿ ಒಲೆ ಹಾಕಿಸುವುದಾದರೆ ಚಿಮಣಿ ಬಿಡಬೇಡಿ.

ಗೀಸರ್ ತರುವಾಗ ಅಗ್ಗ. 2 ಕಿಲೋವಾಟ್‌ನದು ಅರ್ಧ ಗಂಟೆ ಓಡಿದರೆ 1 ಯೂನಿಟ್. ದಿನಕ್ಕೆ ಒಂದು ಗಂಟೆಯಾದರೆ ತಿಂಗಳಿಗೆ 60. ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಅದನ್ನು ಲೆಕ್ಕ ಹಾಕಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ತಣ್ಣೀರೇ.

ಸೋಲಾರ್‌ಗೆ ಮೊದಲೇ ದೊಡ್ಡ ಮೊತ್ತ, ಆಮೇಲೆ ಖರ್ಚು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಅದನ್ನು ನಂಬಬೇಡಿ. ಹಂಚಿನ ಮಾಡಿಗೆ ಕೂರಿಸುವುದು ಕಷ್ಟ, ತೆಂಗಿನ ಮರದ ಕೆಳಗಂತೂ ಬೇಡವೇ ಬೇಡ.

ಹಿರಿಯರಿಬ್ಬರೇ ಇರುವ ಮನೆಗೆ ಗೀಸರ್ ಹಗುರ. ತಾರಸಿಯಿದ್ದು ಐದಾರು ಜನರಿದ್ದರೆ ಸೋಲಾರ್, ಮಳೆಗಾಲಕ್ಕೆ ಜೊತೆಗೆ ಒಲೆ. ಸಾಲದ ಭಾರ ಹೆಚ್ಚಿದ್ದು ತೋಟವಿದ್ದರೆ ಸದ್ಯ ಹಂಡೆ ಇಡಿ, ಸೋಲಾರ್‌ಗೆ ಬೇಕಾದ ಪೈಪನ್ನು ಗೋಡೆ ಕಟ್ಟುವಾಗಲೇ ಹಾಕಿಸಿಬಿಡಿ.