ದುಡ್ಡು ಕಟ್ಟಿದ್ದು ಸ್ಕಾಟ್ಲೆಂಡ್‌ಗೆ, ಸಿಕ್ಕಿದ್ದು ಆಂಟ್ರಿಮ್‌ನ ಹೊಲ

ಸೈಟಿನ ಹೆಸರು ಬೇಡ. ಚಂದಾ ಕಟ್ಟಿಸಿಕೊಳ್ಳುವ ವಂಶಾವಳಿ ಸೈಟುಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ನಾನಿರುವುದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ, ಅತ್ತೆಯ ತವರು ಆಂಟ್ರಿಮ್ ಕೌಂಟಿಯ ಬಾಲಿಮನಿ ಹತ್ತಿರ. ಅವರ ಹಿರಿಯರು ಸ್ಕಾಟ್ಲೆಂಡಿನಿಂದ ಬಂದವರು ಅಂತ ಮನೆಯವರೆಲ್ಲ ಹೇಳುತ್ತಾರೆ, ಯಾವ ಊರಿಂದ ಅಂತ ಕೇಳಿದರೆ ಮಾತ್ರ ಎಲ್ಲರೂ ಗಪ್‌ಚುಪ್. ಅದಕ್ಕೇ ಚಂದಾ ಕಟ್ಟಿದೆ, ಈಗ ಕೆಲವು ವರ್ಷಗಳಾದವು.

ಮೊದಲಿಗೆ ತುಂಬಾ ಖುಷಿ ಕೊಟ್ಟಿತು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಅತ್ತೆ ಟೀ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು. ನಾನು ಲ್ಯಾಪ್‌ಟಾಪ್ ತೆಗೆದು "ಹೊಸ ಸುಳಿವು ಬಂದಿದೆ" ಅನ್ನುವುದನ್ನು ಒತ್ತುತ್ತಿದ್ದೆ. 1911ರ ಜನಗಣತಿಯಲ್ಲಿ ಅವರ ತಾತನ ಕೈಬರಹ ಕಂಡ ದಿನ ಟೀ ಆರಿಹೋಗಿತ್ತು. (1901 ಮತ್ತು 1911ರ ಜನಗಣತಿ ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ ಅಂತ ಆಮೇಲೆ ಗೊತ್ತಾಯಿತು, ಅದು ಬೇರೆ ಮಾತು.)

ಕಿರಿಕಿರಿ ಶುರುವಾಗಿದ್ದು 1800ಕ್ಕಿಂತ ಹಿಂದೆ ಹೋಗಹೊರಟಾಗ. ಸೈಟು ಒಂದೇ ನೆಗೆತಕ್ಕೆ ಸಮುದ್ರ ದಾಟಿ, 1640ರ ಸುಮಾರಿಗೆ ಸ್ಕಾಟ್ಲೆಂಡಿನ ಐರ್‌ಶೈರ್ ಕೌಂಟಿಯಲ್ಲಿ ಹುಟ್ಟಿದ ಅದೇ ಹೆಸರಿನವನೊಬ್ಬನನ್ನು ತಂದು "ಇವನೇ ನಿಮ್ಮ ಮೂಲಪುರುಷ" ಅಂತ ಕೂರಿಸಿತು. ಆಧಾರ ಏನು ಅಂದರೆ ಇನ್ನೊಬ್ಬರು ಸೈಟಿನಲ್ಲಿ ಹಾಕಿದ ಮರ, ಅಂದರೆ ವಂಶವೃಕ್ಷ. ಅವರಿಗೆ ಮತ್ತೊಬ್ಬರ ಮರ. ದಾಖಲೆ ಎಲ್ಲೂ ಇಲ್ಲ. ನಮ್ಮ ಉತ್ತರ ಕರ್ನಾಟಕದ ಕಡೆ ಎತ್ತಿನ ಮೇಲೆ ಬಂದು ಮನೆತನದ ಹೆಸರು ಹೇಳುವ ಹೆಳವರು ಇಷ್ಟು ಸಲೀಸಾಗಿ ತಾತನನ್ನು ಕೊಡುವುದಿಲ್ಲ!

ಸ್ಕಾಟ್ಲೆಂಡ್ಸ್‌ಪೀಪಲ್ ಅನ್ನುವ ಸರ್ಕಾರಿ ಸೈಟಿನಲ್ಲಿ ಹಳೇ ಪ್ಯಾರಿಷ್ ರಿಜಿಸ್ಟರುಗಳಿವೆ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯ ಬ್ಯಾಪ್ಟಿಸಂ, ಮದುವೆಗಳ ಪುಸ್ತಕಗಳು. ಹುಡುಕುವುದು ಉಚಿತ, ಒಂದು ಪುಟದ ಚಿತ್ರ ತೆರೆಯಲು ನಾನು ನೋಡಿದಾಗ 6 ಕ್ರೆಡಿಟ್, ಅಂದರೆ ಒಂದೂವರೆ ಪೌಂಡ್ ಇತ್ತು. ತೆರೆದು ನೋಡಿದೆ. ಆಂಟ್ರಿಮ್‌ಗೆ ಬಂದ ಅಂತ ಚಂದಾ ಸೈಟು ಹೇಳಿದ ಆ ಪುಣ್ಯಾತ್ಮ, ಬಂದ ಮೇಲೂ ಅದೇ ಐರ್‌ಶೈರ್ ಪ್ಯಾರಿಷ್‌ನಲ್ಲಿ ಮಕ್ಕಳಿಗೆ ಬ್ಯಾಪ್ಟಿಸಂ ಮಾಡಿಸುತ್ತಲೇ ಇದ್ದಾನೆ. ಚಂದಾ ಸೈಟಿಗೆ ದೂರು ಬರೆದರೆ "ಸುಳಿವುಗಳು ಸೂಚನೆಗಳಷ್ಟೇ" ಅನ್ನುವ ಉತ್ತರ ಬಂತು. ಸೂಚನೆಗೆ ಇಷ್ಟು ಚಂದಾನಾ?

ಕಷ್ಟ ಇರುವುದು ನಿಜ. 1922ರಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ (ದಾಖಲೆ ಕಚೇರಿಯೂ ಇದ್ದ ನ್ಯಾಯಾಲಯದ ಆವರಣ) ಸುಟ್ಟಾಗ ಐರ್ಲೆಂಡಿನ ಹಳೇ ಕಾಗದಪತ್ರ ಬಹುಪಾಲು ಬೂದಿಯಾಯಿತು. ಸ್ಕಾಟ್ ಮೂಲದವರು ಹೆಚ್ಚಾಗಿ ಹೋಗುವ ಇಲ್ಲಿನ ಪ್ರೆಸ್ಬಿಟೇರಿಯನ್ ಚರ್ಚುಗಳ ರಿಜಿಸ್ಟರುಗಳು ಬಹಳಷ್ಟು 1819ರಿಂದ ಈಚಿನವು. ಸ್ಕಾಟ್ಲೆಂಡಿನಿಂದ ಜನ ದಾಟಿ ಬಂದದ್ದೋ 1606ರ ನಂತರ ಅಲೆ ಅಲೆಯಾಗಿ, 1690ರ ದಶಕದ ಬರಗಾಲದಲ್ಲಿ ಇನ್ನೂ ಜಾಸ್ತಿ. ದಾಟಿದವರ ಪಟ್ಟಿಯನ್ನು ಯಾರೂ ಬರೆದಿಡಲಿಲ್ಲ. ಇನ್ನು ಎಲ್ಲರ ಮರವೂ ಐರ್‌ಶೈರ್‌ಗೇ ಯಾಕೆ ಹೋಗುತ್ತದೆ? ಪಕ್ಕದ ಡೌನ್ ಕೌಂಟಿಗೆ ಜನರನ್ನು ಕರೆತಂದ ಜಮೀನ್ದಾರರಾದ ಹ್ಯಾಮಿಲ್ಟನ್ ಮತ್ತು ಮಾಂಟ್ಗೊಮರಿ ಇಬ್ಬರೂ ಆ ಕಡೆಯವರು. ಬಾಲಿಮನಿ ಸುತ್ತಿನ ಜಮೀನು ಇದ್ದದ್ದು ಆಂಟ್ರಿಮ್‌ನ ಅರ್ಲ್ ಅನ್ನುವ ಬಿರುದಿನ ಮ್ಯಾಕ್‌ಡೊನೆಲ್ ಮನೆತನದ ಕೈಯಲ್ಲಿ. ಅವರೂ ಸ್ಕಾಟ್ ಒಕ್ಕಲುಗಳನ್ನು ತಂದರು, ಆದರೆ ಅದು ಬೇರೆಯೇ ದಾರಿ. ಇದನ್ನು ಸೈಟು ಒಂದು ಸಲವೂ ಹೇಳಲಿಲ್ಲ.

ನನಗೆ ನಿಜಕ್ಕೂ ಸಂತೋಷ ಕೊಟ್ಟದ್ದು ಬಿಟ್ಟಿ ಸಿಗುವ ಒಂದು ವಸ್ತು. ಬೆಲ್‌ಫಾಸ್ಟ್‌ನ ಟೈಟಾನಿಕ್ ಕ್ವಾರ್ಟರ್‌ನಲ್ಲಿ ಪ್ರೋನಿ ಅನ್ನುವ ಸಾರ್ವಜನಿಕ ದಾಖಲೆ ಕಚೇರಿ ಇದೆ. ಅವರ ಸೈಟಿನಲ್ಲಿ 1864ರಿಂದ 1933ರವರೆಗಿನ ಜಮೀನು ಮೌಲ್ಯಮಾಪನದ ಪುಸ್ತಕಗಳಿವೆ. ಒಂದೊಂದು ಟೌನ್‌ಲ್ಯಾಂಡಿಗೆ, ಅಂದರೆ ಹಳ್ಳಿಗಿಂತಲೂ ಚಿಕ್ಕ ಒಂದು ತುಂಡು ಭೂಮಿಗೆ, ಯಾರು ಗೇಣಿದಾರ, ಯಾರು ಒಡೆಯ, ಎಷ್ಟು ಎಕರೆ ಅಂತ ಬರೆದಿದೆ. ಗೇಣಿದಾರ ಬದಲಾದರೆ ಹಳೇ ಹೆಸರು ಹೊಡೆದುಹಾಕಿ ಹೊಸದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದಿರುತ್ತಾರೆ. ಕೆಂಪು, ನೀಲಿ, ಹಸಿರು. ಈಗ ರಾತ್ರಿ ಟೀ ಜೊತೆ ಇದೇ ನಮ್ಮ ಧಾರಾವಾಹಿ. ಅಪ್ಪ ಹೋಗಿ ವಿಧವೆ ಬಂದಳು, ವಿಧವೆ ಹೋಗಿ ಎರಡನೇ ಮಗ ಬಂದ (ದೊಡ್ಡವನು ಕೆನಡಾಕ್ಕೆ ಹೋಗಿರಬೇಕು ಅಂತ ಅತ್ತೆ), ಕೊನೆಗೆ ಜಮೀನು ಅವರ ಸ್ವಂತದ್ದಾಯಿತು ಅಂತ ಒಂದು ಠಸ್ಸೆ.

ಅಲ್ಲಿಂದ ಹಿಂದಕ್ಕೆ ಗ್ರಿಫಿತ್ ಮೌಲ್ಯಮಾಪನ (ಅದಕ್ಕೂ ಮುಂಚಿನ ಜಮೀನು ಲೆಕ್ಕ), ಅದರ ಹಿಂದೆ 1820-30ರ ದಶಕದ ಟೈದ್ ಪಟ್ಟಿ, ಅಂದರೆ ಚರ್ಚಿಗೆ ಕಟ್ಟಬೇಕಿದ್ದ ತೆರಿಗೆಯ ಪಟ್ಟಿ. ಹೊಲ ಅದೇ, ಹೆಸರೂ ಅದೇ. ಆಮೇಲೆ ದೊಡ್ಡ ಕತ್ತಲು. ಅದರಾಚೆ 1669ರ ಒಲೆ ತೆರಿಗೆ ಪಟ್ಟಿ, ಒಲೆಗೆ ಎರಡು ಶಿಲ್ಲಿಂಗ್. ಅದೇ ಪ್ಯಾರಿಷ್‌ನಲ್ಲಿ ಅದೇ ಮನೆತನದ ಹೆಸರಿನ ಒಬ್ಬನಿದ್ದಾನೆ. ಇವನೇ ಹಿರಿಯ ಅಂತ ನಾನು ಆಣೆ ಮಾಡಲಾರೆ, ಸೈಟಾಗಿದ್ದರೆ ಮಾಡುತ್ತಿತ್ತು.

ಒಳ್ಳೆಯದೂ ಇದೆ, ಸುಮ್ನೆ ಬೈಯಬಾರದು. 1850ರಿಂದ ಈಚೆಗೆ, ಅದರಲ್ಲೂ ಅಮೆರಿಕ, ಕೆನಡಾಕ್ಕೆ ಹೋದವರನ್ನು ಹುಡುಕಲು ಸೈಟು ಚೆನ್ನಾಗಿದೆ. ಆದರೆ ಸ್ಕಾಟ್ಲೆಂಡಿನ ಊರು ಬೇಕು ಅಂತ ಚಂದಾ ಕಟ್ಟುವುದಾದರೆ ಬೇಡ. ಆ ದುಡ್ಡಿಗೆ ಬಾಲಿಮನಿಗೆ ಬಸ್ ಹತ್ತಿ ಹೊಲ ನೋಡಿ ಬನ್ನಿ. ನಾನು ತಾನಾಗೇ ನವೀಕರಣವಾಗುವುದನ್ನು ತೆಗೆದುಹಾಕಿದ್ದೇನೆ. ನನ್ನ ಲೆಕ್ಕಕ್ಕೆ ಎರಡು ಸ್ಟಾರ್. ಅತ್ತೆ ಮೂರು ಕೊಡು ಅನ್ನುತ್ತಾರೆ. ಒಂಟಾರಿಯೋದಲ್ಲಿ ಅವರಿಗೆ ಸಿಕ್ಕಿದ ದೂರದ ನೆಂಟರು ಈಗ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ, ಅವರ ಮರದಲ್ಲೂ ಅದೇ ಐರ್‌ಶೈರ್ ಮನುಷ್ಯ ಇದ್ದಾನೆ, ತೆಗೆಯಿರಿ ಅಂದರೆ ಕೇಳುವುದಿಲ್ಲ.